ಕೆರೆ ಕಾಣುವ ರೂಮು

ಕಿಟಕಿಯ ಗಾಜು ಅಲುಗುತ್ತಿದೆ, ಫ್ಯಾನಿನ ಗಾಳಿಗೇ ಗಡಗಡ, ಯಾವ ಪುಣ್ಯಾತ್ಮ ಕೂರಿಸಿದನೋ, ಪುಟ್ಟಿಯೆಲ್ಲ ಒಣಗಿ ಉದುರುತ್ತಿದೆ — ಗಾಜು ಕೂರಿಸುವುದೇ ಅವನ ಕಸುಬು, ಆದರೆ ಇವತ್ತು ಅದಕ್ಕೆ ಬಂದಿಲ್ಲ, ದಲ್ಲಾಳಿಯ ಆಫೀಸಿಗೆ ಮಾರಲು ಬಂದಿದ್ದಾನೆ, ಅಪ್ಪ ಸಾಯುವಾಗ ಬಿಟ್ಟುಹೋದ ಆಸ್ತಿಯನ್ನು, ಆಸ್ತಿಯಂತೆ ಆಸ್ತಿ, ಥೂ, ಯಾವುದೋ ರೆಸಾರ್ಟಿನ ಒಂದು ರೂಮಿನಲ್ಲಿ ವರ್ಷಕ್ಕೆ ಒಂದೇ ಒಂದು ವಾರ, ಟೈಮ್‌ಶೇರ್ ಅಂತ ಅದರ ಹೆಸರು, ಉಳಿದ ವಾರಗಳೆಲ್ಲ ಅಪ್ಪನಂಥ ಬೇರೆ ಬೇರೆ ಬಕರಾಗಳದ್ದು. ಹೋಗಲಿ ಬಿಡಲಿ, ನಿರ್ವಹಣೆಯ ದುಡ್ಡು ಮಾತ್ರ ವರ್ಷವರ್ಷವೂ ಕಟ್ಟಬೇಕು, ಕೊಂಡವನು ಸತ್ತರೆ ಮನೆಯವರು ಕಟ್ಟಬೇಕು. ಅಮ್ಮ ಕಟ್ಟುತ್ತಾಳೆ. ಆಸ್ಪತ್ರೆಯ ಬಟ್ಟೆಗೆ ಇಸ್ತ್ರಿ ಹಾಕಿ, ಇಡೀ ದಿನ ನಿಂತೇ, ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿವೆ, ಕೂತು ಮಾಡೋ ಕೆಲ್ಸ ಹುಡುಕ್ಕೊಳ್ಳಮ್ಮ ಅಂತ ಡಾಕ್ಟರು ಬೈದರೆ ಈ ಶನಿ ತೊಲಗ್ಲಿ ಡಾಕ್ಟ್ರೇ, ಆಮೇಲೆ ಕೂರ್ತೀನಿ ಅನ್ನುತ್ತಾಳೆ, ಇವತ್ತು ಬೆಳಿಗ್ಗೆ ಕೂಡ, ಮಾರಿಯೇ ಬಾರೋ ಮಗನೇ, ನಿನ್ನ ಕೋಪಾನ ಚಪ್ಪಲಿ ಜೊತೆ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗು. ಚಪ್ಪಲಿ ಬಿಟ್ಟಿದ್ದಾನೆ. ಮೊದಲನೇ ದಲ್ಲಾಳಿ ಸಿಕ್ಕಿದರೆ ಅದೇ ಚಪ್ಪಲಿಯಲ್ಲಿ ಬಾರಿಸುತ್ತಿದ್ದ, ಕೊಳ್ಳೋರು ರೆಡಿ ಇದ್ದಾರೆ, ಕಾಗದಪತ್ರದ ಖರ್ಚು ಮುಂಗಡ ಕೊಟ್ಬಿಡಿ ಅಂದ ಕಳ್ಳ, ಕೊಟ್ಟ ಮಾರನೇ ದಿನದಿಂದ ಅವನ ಫೋನು ಸತ್ತಿತು, ಎರಡನೆಯವನು ಜಾಹೀರಾತಿನ ಹೆಸರು ಹೇಳಿ ದುಡ್ಡು ನುಂಗಿದ, ನುಂಗಿ ನೀರೂ ಕುಡಿಯಲಿಲ್ಲ. ಈ ಮೂರನೆಯ ಬೋಳುತಲೆಯವನು ಮಾತ್ರ ಮಾರಿದ ಮೇಲೇ ನನ್ನ ಕಮಿಷನ್, ಅಲ್ಲೀತನಕ ಒಂದು ಪೈಸೆ ಬೇಡ ಅಂದ, ಅಂದಂತೆ ನಡೆದ, ರೇಗೋಣವೆಂದರೆ ಅವನಲ್ಲಿ ಒಂದು ನೆಪವೂ ಸಿಗುವುದಿಲ್ಲ. ಅವನದು ಒಂದೇ ಕಟ್ಟಳೆ, ಕೊಳ್ಳೋರೂ ಮಾರೋರೂ ಮುಖ ನೋಡಬಾರದು, ಅವರು ಆ ಕೋಣೆ, ಇವರು ಈ ಕೋಣೆ, ಮಧ್ಯೆ ನಾನು ಓಡಾಡ್ತೀನಿ, ನೀವು ನೀವೇ ಮಾತಿಗೆ ಕೂತ್ರೆ ವ್ಯಾಪಾರ ಮುರಿಯುತ್ತೆ. ಇವತ್ತು ಆ ಕೋಣೆಗೆ ಬಣ್ಣ ಹೊಡೆಯುತ್ತಿದ್ದಾರೆ, ಅದಕ್ಕೇ ಕೊಳ್ಳೋರೂ ಮಾರೋರೂ ಒಂದೇ ಬೆಂಚು — ಸ್ವಲ್ಪ ಹೊತ್ತು ಬಾಯಿಗೆ ಬೀಗ ಸಾರ್, ಎಂದು ತುಟಿಯ ಮೇಲೆ ಬೆರಳಿಟ್ಟು ನಕ್ಕು ಒಳಗೆ ಹೋದ.

ಬೀಗವಂತೆ, ಬಸ್ಸಿನ ಕಂಡಕ್ಟರ್ ಆಗಿದ್ದವರ ಬಾಯಿಗೆ ಬೀಗ ಹಾಕಲು ಯಾರಪ್ಪನಿಂದ ಆಗುತ್ತದೆ, ಪಕ್ಕದಲ್ಲಿ ಕೂತ ಮುದುಕ ಆಗಲೇ ಎಲ್ಲ ಒದರಿಬಿಟ್ಟ, ಮೊನ್ನೆಮೊನ್ನೆ ರಿಟೈರಾದೆ ತಮ್ಮಾ, ಜೀವಮಾನವೆಲ್ಲ ಮಂದಿಗೆ ಟಿಕೆಟ್ ಹರಿದೆ, ಈಗ ನಮಗೂ ಒಂದು ಹರ್ಕೊಳ್ಳೋಣ ಅಂತ, ಹೆಂಡತಿ ಮೊಣಕೈಯಲ್ಲಿ ತಿವಿದಳು, ಬಸ್ಸಿನ ತುಂಬ ಕಿಟಕಿ ಇದ್ರೂ ಇವ್ರಿಗೆ ಕಿಟಕಿ ಪಕ್ಕ ಕೂರೋ ಯೋಗ ಇರ್ಲಿಲ್ಲ ಕಣಪ್ಪ, ನಿಂತೇ ಸವೆದ್ರು — ನಿಂತೇ, ಅಮ್ಮನೂ ನಿಂತೇ — ಈಗ ನೋಡು, ಕೆರೆ ಕಾಣೋ ರೂಮಂತೆ, ಎಂದು ದಲ್ಲಾಳಿ ಕೊಟ್ಟ ಬಣ್ಣದ ಕಾಗದ ಹಿಡಿದಳು, ಅದೇ ಕಾಗದ, ಅದೇ ನೀಲಿ ಕೆರೆ, ಆವತ್ತು ಪುಕ್ಕಟೆ ಊಟ ಹಾಕ್ತಾರಂತೆ ಅಂತ ಹೋದ ಅಪ್ಪ ಪಾಯಸ ಮುಗಿಯುವಷ್ಟರಲ್ಲಿ ಸಹಿ ಹಾಕಿದ್ದ, ಮಗನ ಸ್ಕೂಲಿನ ಫೀಸು ಅಲ್ಲಿಗೇ ಹೋಗಿತ್ತು, ಮನೆಮಂದಿಯೆಲ್ಲ ಹೊಸ ಬಟ್ಟೆ ಹಾಕಿಕೊಂಡು ಆ ರೂಮಿಗೆ ಹೋದರು, ಅಪ್ಪ ಬಾಗಿಲು ತೆಗೆದವನೇ ಕಿಟಕಿಗೆ ಓಡಿದ, ಬನ್ರೋ ಬನ್ರೋ ಕೆರೆ ನೋಡಿ, ಪರದೆ ಸರಿಸಿದ, ಗೋಡೆ, ಒಂದು ಗೇಣು ದೂರದಲ್ಲಿ ಪಕ್ಕದ ಕಟ್ಟಡದ ಬೋಳು ಗೋಡೆ, ಕೆರೆ ಅದರ ಆಚೆ ಎಲ್ಲೋ, ಪರದೆಯ ಅಂಚು ಹಿಡಿದು ನಿಂತೇಬಿಟ್ಟ ಅಪ್ಪ, ತಿರುಗಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು. ಹೇಳಬಾರದು. ಇವರೇನು ನೆಂಟರೇ, ಅಪ್ಪನಿಗೆ ಯಾರಾದರೂ ಬಂದು ಹೇಳಿದ್ದರೇ, ಅಮ್ಮನ ಕಾಲು, ಒಂದು ಸಹಿ, ಅಷ್ಟೇ, ಒಬ್ಬ ಬಕರಾ ಇನ್ನೊಬ್ಬನ ಕೊರಳಿಗೆ ಕಟ್ಟಿ ಕೈ ತೊಳೆದುಕೊಂಡರೆ ತಾನೇ ಈ ಅಂಗಡಿ ನಡೆಯುವುದು, ನುಂಗಿದವರನ್ನೆಲ್ಲ ಬೈದ ಬಾಯಿ ಇದು, ಈಗ ಇದೇ ಬಾಯಿ — ಪರದೆ ಹಿಡಿದ ಕೈ — ಬನ್ನಿ ಸಾರ್, ಬನ್ನಿ ಅಮ್ಮ, ಸಹಿ ಹಾಕಿದ್ರೆ ಮುಗೀತು, ದಲ್ಲಾಳಿ ಬಾಗಿಲಲ್ಲಿ ನಿಂತಿದ್ದಾನೆ, ಮುದುಕ ಎದ್ದ, ಎದ್ದವನು ನಿಂತ, ಅಲ್ಲ ತಮ್ಮಾ, ನೀನು ಆ ಕಡೆ ಹೋಗಿದ್ದೀಯೇನು, ಬೆಳಿಗ್ಗೆ ಹೊತ್ತು ಕೆರೆ ಹೇಗೆ ಕಾಣುತ್ತೆ?

ಗೋಡೆ, ಅಂದ ಅವನು, ಗೋಡೆ ಕಾಣುತ್ತೆ ಯಜಮಾನ್ರೇ, ಮಾರ್ತಿರೋನು ನಾನೇ, ತಗೋಬೇಡಿ, ನೀವು ಹೋದ್ಮೇಲೂ ನಿಮ್ಮ ಮಕ್ಕಳು ಕಟ್ತಾ ಇರ್ಬೇಕು, ಯಾರ ದನಿ ಇದು, ತನ್ನದೇ, ಇಷ್ಟು ಜೋರಾಗಿ, ಅಯ್ಯೋ ಪಾಪಿ, ನಿನ್ನ ಅನ್ನಕ್ಕೆ ನೀನೇ ಮಣ್ಣು ಹಾಕ್ಕೊಂಡ್ಯಲ್ಲೋ, ದಲ್ಲಾಳಿ ಹಣೆ ಹಣೆ ಚಚ್ಚಿಕೊಳ್ಳುತ್ತಾನೆ, ಹೆಂಗಸು ಬಣ್ಣದ ಕಾಗದವನ್ನು ಬೆಂಚಿನ ಮೇಲಿಟ್ಟು ಗಂಡನ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದಾಳೆ, ನಡೀರಿ, ಬಸ್ಸಲ್ಲಿ ಕಿಟಕಿ ಸೀಟು ಹಿಡ್ಕೊಡ್ತೀನಿ, ಜೇಬಿನಲ್ಲಿ ಫೋನು, ಅಮ್ಮ, ಎತ್ತಬಾರದಿತ್ತು, ಎತ್ತಿಬಿಟ್ಟಿದ್ದಾನೆ, ಅವಳ ಹಿಂದೆ ಇಸ್ತ್ರಿಯ ಹಬೆ ಬುಸ್ಸೆನ್ನುತ್ತಿದೆ, ಆಯ್ತೇನೋ ಮಗನೇ, ಇನ್ನು ಕೂತ್ಕೊಳ್ಳಲಾ, ಅನ್ನುತ್ತಾಳೆ, ನಗುತ್ತಿದ್ದಾಳೆ, ಕೇಳಿಸ್ತಾ ಇಲ್ವೇನೋ, ಕೂತ್ಕೊಳ್ಳಲಾ, ಏನಂತ ಹೇಳಲಿ ಅಪ್ಪ, ಈಗಲಾದರೂ ಈ ಕಡೆ ತಿರುಗು, ಹೇಳಿಕೊಡು, ಪರದೆ ಹಿಡಿದ ಕೈ, ಗೋಡೆ, ಬೆನ್ನು, ಪರದೆ ಹಿಡಿದ ಕೈ, ಬೆನ್ನು, ಬೆನ್ನು —