ಕೆಳಗಿನ ಮೆಟ್ಟಿಲಿನ ಜನ

ಬೊಗಸೆ ಒಡ್ಡಿ ಕುಳಿತ ಮಣ್ಣಿನ ಹೆಂಗಸೊಬ್ಬಳು ನನ್ನ ಮನೆಯಲ್ಲಿದ್ದಾಳೆ. ಹಿಂದೆ ಆ ಕೈಗಳಲ್ಲಿ ಹಣ್ಣಿನ ಬುಟ್ಟಿ ಇತ್ತು. ಬುಟ್ಟಿ ಯಾವಾಗಲೋ ಒಡೆದುಹೋಗಿ ಕೈ ಮಾತ್ರ ಹಾಗೇ ಉಳಿದಿದೆ. ನವರಾತ್ರಿಗೆ ಗೊಂಬೆ ನೋಡಲು ಬಂದವರು, "ಮುಕ್ಕಾದದ್ದನ್ನ ಯಾಕ್ರೀ ಕೂರಿಸ್ತೀರ?" ಎಂದು ಕೇಳುತ್ತಾರೆ. ನಾನು ನಕ್ಕು, ಅವರ ಮಕ್ಕಳ ಕೈಗೆ ಉಸಲಿ ಹಾಕಿ ಕಳಿಸುತ್ತೇನೆ. ಎಲ್ಲರ ಮುಂದೆಯೂ ಎಲ್ಲವನ್ನೂ ಹರವಿಕೊಂಡು ಕೂರುವ ಸ್ವಭಾವ ನನ್ನದಲ್ಲ.

ನಾನು ಎರಡನೆಯ ಸಂಬಂಧವಾಗಿ ಈ ಮನೆ ಹೊಕ್ಕಾಗ ಯಜಮಾನರ ಮಗಳು ವೈಜಯಂತಿಗೆ ಐದು ವರ್ಷ. ಹೆತ್ತ ತಾಯಿ ತೀರಿಕೊಂಡು ವರ್ಷ ತುಂಬಿತ್ತು. ಮಗು ಅಳಲಿಲ್ಲ, ಹಟ ಮಾಡಲಿಲ್ಲ. ನನ್ನೊಂದಿಗೆ ಮಾತಾಡಲಿಲ್ಲ, ಅಷ್ಟೆ. ತಲೆ ಬಾಚಿದರೆ ಬಾಚಿಸಿಕೊಳ್ಳುವಳು, ಬಡಿಸಿದರೆ ಉಣ್ಣುವಳು. ಯಜಮಾನರು "ಸರಿಹೋಗ್ತಾಳೆ ಬಿಡು" ಎನ್ನುತ್ತಿದ್ದರು. ಗಂಡಸರ ಲೆಕ್ಕದಲ್ಲಿ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ.

ಮೊದಲ ನವರಾತ್ರಿಗೆ ಗೊಂಬೆಯ ಪೆಟ್ಟಿಗೆ ಇಳಿಸಿದೆ. ಪಟ್ಟದ ಗೊಂಬೆಗಳಾದ ಮರದ ರಾಜ ರಾಣಿ ಅವಳ ತಾಯಿಯ ತವರಿನಿಂದ ಬಂದವು. ಅವನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿ, ದೇವರನ್ನೂ ಋಷಿಗಳನ್ನೂ ಸೆಟ್ಟಿ ದಂಪತಿಯನ್ನೂ ಕ್ರಮವಾಗಿ ಇಳಿಸುತ್ತ ಬಂದೆ. ಒಡೆದವನ್ನು ಕೆರೆಗೆ ಬಿಡೋಣವೆಂದು ಒಂದು ಮೊರದಲ್ಲಿ ಹಾಕಿದ್ದೆ. ಮಗು ಮೊರದ ಮುಂದೆ ನಿಂತುಕೊಂಡಿತು.

"ಇವರು ಎಲ್ಲಿಗೆ ಹೋಗ್ತಾರೆ?"

ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಕೆರೆಗೆ ಎನ್ನಲು ಬಾಯಿ ಬರಲಿಲ್ಲ. "ಎಲ್ಲಿಗೂ ಇಲ್ಲ. ಇವರು ಮನುಷ್ಯರಲ್ಲ, ದೇವರೂ ಅಲ್ಲ. ಬೇರೆಯೇ ಒಂದು ಕುಲ. ಇವರದು ಕೆಳಗಿನ ಮೆಟ್ಟಿಲು," ಎಂದೆ.

"ಯಾವ ಕುಲ?"

ಗೊಂಬೆಗಳ ಬಣ್ಣ ಹಕ್ಕಳೆಯೆದ್ದಿತ್ತು. "ಪೊರೆಯವರು. ಹಾವಿನ ಹಾಗೆ ವರ್ಷಕ್ಕೊಂದ್ಸಲ ಪೊರೆ ಬಿಡ್ತಾರೆ."

ಅವಳು ಕಿವಿಯೊಡೆದ ಪೋಲೀಸನನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿ, "ಇವರಿಗೆ ಅಂಗಾಲಲ್ಲಿ ಕೇಳಿಸುತ್ತೆ," ಎಂದಳು. "ಹಾಗಾದ್ರೆ ಚಪ್ಪಲಿ ಹಾಕ್ಕೊಂಡ್ರೆ ಕಿವುಡರು," ಎಂದೆ. ಅವಳು ನಕ್ಕುಬಿಟ್ಟಳು. ಅಲ್ಲಿಂದ ಅದೇ ನಮ್ಮ ಕಟ್ಟಳೆಯಾಯಿತು: ವರ ಅವಳು ಕೊಡಬೇಕು, ಅದರ ಕೊರತೆ ನಾನು ಹೇಳಬೇಕು. ಬರೀ ವರವೇ ಇದ್ದರೆ ಅವರೂ ದೇವರಾಗಿಬಿಡುತ್ತಾರೆ, ಆಮೇಲೆ ಮೇಲಿನ ಮೆಟ್ಟಿಲಲ್ಲಿ ಜಾಗ ಸಾಲುವುದಿಲ್ಲ ಎಂಬುದು ವೈಜುವಿನ ವಾದ.

ಕಣ್ಣಿನ ಬಣ್ಣ ಅಳಿಸಿಹೋದ ಅಜ್ಜಿಯನ್ನು ನೋಡಿ ಅವಳು, "ಪೊರೆಯವರಿಗೆ ಕಣ್ಣೀರೇ ಬರಲ್ಲ," ಎಂದಳು. "ಆದ್ರೆ ಬೇಜಾರಾದಾಗ ಮೈ ಒದ್ದೆ ಮಣ್ಣಿನ ವಾಸನೆ ಬರುತ್ತೆ. ಮುಚ್ಚಿಡೋಕಾಗಲ್ಲ," ಎಂದೆ ನಾನು. ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ, ಬಟ್ಟೆ ಒಣಹಾಕುವಾಗ ನಮಗೆ ಅದೇ ಮಾತು. ಯಜಮಾನರು "ಹುಚ್ಚು ಹಿಡಿದಿದೆ ಇಬ್ಬರಿಗೂ" ಎಂದು ಸಂತೋಷಪಡುತ್ತಿದ್ದರು.

ಮೂರನೆಯ ನವರಾತ್ರಿಯಲ್ಲಿ ಹಣ್ಣಿನವಳ ಬುಟ್ಟಿ ಮುರಿದಿದ್ದದ್ದು ಕಂಡಿತು. ಅವಳನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿದೆ. ನಾನು ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದೆ. ವೈಜು ಒಂದು ಹುಣಸೆಬೀಜ ತೆಗೆದು ಆ ಬೊಗಸೆಯಲ್ಲಿಟ್ಟಳು.

"ಪೊರೆಯವರಲ್ಲಿ ಮಕ್ಕಳು ಹೊಟ್ಟೇಲಿ ಹುಟ್ಟಲ್ಲ. ಮರದಿಂದ ಬೀಳ್ತಾರೆ. ಯಾರ ಬೊಗಸೇಲಿ ಬೀಳ್ತಾರೋ ಅವರೇ ಅಮ್ಮ."

ಹೇಳಿ ನನ್ನ ಮುಖ ನೋಡುತ್ತ ನಿಂತಳು. ಆ ಮಾತಿಗೆ ಕೊರತೆ ಹೇಳಲು ನನಗೆ ಮನಸ್ಸಿರಲಿಲ್ಲ. ಆದರೆ ಕಟ್ಟಳೆ ಕಟ್ಟಳೆಯೇ. "ಅದಕ್ಕೇ ಅವರಲ್ಲಿ ಯಾರ ಮುಖಾನೂ ಯಾರ ಹಾಗೂ ಇರಲ್ಲ," ಎಂದೆ. "ನೋಡಿದವರಿಗೆ ಯಾರ ಮಗು ಯಾರದು ಅಂತ ಗೊತ್ತಾಗಲ್ಲ."

"ಅಷ್ಟೇ ತಾನೆ? ಪರವಾಗಿಲ್ಲಮ್ಮ," ಎಂದಳು.

ಅವಳು ನನ್ನನ್ನು ಅಮ್ಮ ಎಂದದ್ದು ಅದೇ ಮೊದಲು. ಅಂದು ನನ್ನಷ್ಟು ಸುಖಿ ಈ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಮುಂದಿನ ನವರಾತ್ರಿಗೆ ಮೊದಲೇ ಯಜಮಾನರು ಜ್ವರದಲ್ಲಿ ಹೋಗಿಬಿಟ್ಟರು. ಮನೆಯಲ್ಲಿ ಸಾವಾದ ವರ್ಷ ಗೊಂಬೆ ಕೂರಿಸುವಂತಿಲ್ಲ. ನಾನು ಗೋಡೆಗೊರಗಿ ಕುಳಿತಿದ್ದಾಗ ವೈಜು ಬಂದು ನನ್ನ ಭುಜಕ್ಕೆ ಮೂಗು ಹಚ್ಚಿದಳು. "ಮಣ್ಣಿನ ವಾಸನೆ ಬರ್ತಿದೆಯಮ್ಮ," ಎಂದಳು. ಅಲ್ಲಿಯವರೆಗೆ ಬರದಿದ್ದ ಅಳು ಆಗ ಬಂತು.

ಕರ್ಮಾಂತರವೆಲ್ಲ ಮುಗಿದ ಮೇಲೆ ಅವಳ ಸೋದರಮಾವ ಸೇತುರಾಮ ಬಂದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಊರಿನ ಹಿರಿಯರು ನಡುಮನೆಯಲ್ಲಿ ಕುಳಿತರು.

"ನೀವಿನ್ನೂ ಚಿಕ್ಕವರು. ಒಬ್ಬರೇ ಹೇಗೆ ಸಾಕ್ತೀರಮ್ಮ?" ಎಂದರು ಸೇತುರಾಮ.

"ಸಾಕ್ತೀನಿ. ಅವಳು ನನ್ನ ಮಗಳು."

"ನಿಮ್ಮ ಮನಸ್ಸು ದೊಡ್ಡದು, ಇಲ್ಲ ಅನ್ನಲ್ಲ. ಆದ್ರೆ ಮಗು ಮುಖ ನೋಡಿ. ನಮ್ಮಕ್ಕನ ಅಚ್ಚು."

ಹಿರಿಯರೆಲ್ಲ ಅವಳ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಮಗು ಸೋದರಮಾವನ ಜೊತೆ ಹೋಗಲಿ ಎಂದರು. ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ.

ಪಟ್ಟದ ಗೊಂಬೆಗಳು ಅವಳ ತಾಯಿಯವು, ಅವಳ ಜೊತೆಗೇ ಹೋಗಬೇಕಾದ್ದು ನ್ಯಾಯ. ಒಡೆಯದ ಉಳಿದವನ್ನೂ ನಾನೇ ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದೆ. ಗಾಡಿ ಬಾಗಿಲಿಗೆ ಬಂದಾಗ ವೈಜು, ಆ ನವರಾತ್ರಿಯಿಂದ ಗೂಡಿನಲ್ಲೇ ಕುಳಿತಿದ್ದ ಹಣ್ಣಿನವಳ ಬೊಗಸೆಯಿಂದ ಹುಣಸೆಬೀಜ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಅವಳನ್ನೂ ತಗೊಂಡು ಹೋಗೇ," ಎಂದೆ.

"ಬೇಡ. ಪೊರೆಯವರು ಇಲ್ಲೇ ಇರ್ಲಿ. ನಾನು ವಾಪಸ್ ಬರೋವಾಗ ಗುರುತು ಸಿಗಬೇಕಲ್ಲ."

ಮೊದಮೊದಲು ಕಾಗದ ಬರುತ್ತಿತ್ತು. ಆಮೇಲೆ ನಿಂತಿತು. ಸೂತಕದ ವರ್ಷ ಕಳೆದ ಮೇಲೆ ನಾನು ಒಂದೇ ಮೆಟ್ಟಿಲು ಹಾಕಿ ಪೊರೆಯವರನ್ನು ಕೂರಿಸತೊಡಗಿದೆ. ಗಂಡ ಸತ್ತವಳಿಗೆ ಗೊಂಬೆಯ ಶೋಕಿ ಬೇರೆ ಕೇಡು ಎಂದು ಕೇರಿಯವರು ಆಡಿಕೊಂಡರು. ಆಡಿಕೊಳ್ಳಲಿ. ಊರ ಬಾಯಿಗೆ ಮುಚ್ಚಳ ಹಾಕಲಾದೀತೇ? ನಾನು ಕಾಯುತ್ತಿದ್ದದ್ದು ಕೇರಿಯವರನ್ನಲ್ಲ.

ನನ್ನ ತಲೆ ಪೂರ್ತಿ ಬೆಳ್ಳಗಾದ ಮೇಲೆ, ಒಂದು ನವರಾತ್ರಿಯ ಸಂಜೆ, ಮಗಳ ಕೈ ಹಿಡಿದುಕೊಂಡು ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಳು. ಗೋಡೆಯ ಪಟದಲ್ಲಿದ್ದ ಅವಳ ತಾಯಿಯ ಮುಖವೇ. ಸೇತುರಾಮ ಸುಳ್ಳು ಹೇಳಿರಲಿಲ್ಲ.

"ಚಿಕ್ಕಮ್ಮ, ನಾನು ವೈಜಯಂತಿ. ಈ ಕಡೆ ಒಂದು ಮದುವೆಗೆ ಬಂದಿದ್ವಿ. ನೀವು ನನ್ನ ತುಂಬ ಚೆನ್ನಾಗಿ ನೋಡ್ಕೊಂಡಿದ್ರಂತೆ, ಮಾವ ಯಾವಾಗ್ಲೂ ಹೇಳೋರು."

ಚಿಕ್ಕಮ್ಮ ಎನ್ನುವುದು ತಪ್ಪಲ್ಲ. ಲೋಕದ ಲೆಕ್ಕದಲ್ಲಿ ನಾನು ಅದೇ. ಆದರೂ ಒಲೆಯ ಮುಂದೆ ಹೋಗಿ, ಬಿಸಿಯಿದ್ದ ಉಸಲಿಯನ್ನೇ ಮತ್ತೆ ಬಿಸಿಮಾಡಿ ತಂದೆ.

ಮಗಳು ಚಾರು ಮೆಟ್ಟಿಲಿನ ಮುಂದೆ ಮಂಡಿಯೂರಿದ್ದಳು. "ಇವರೆಲ್ಲ ಯಾರಮ್ಮ?"

ವೈಜಯಂತಿ ಬಗ್ಗಿ ನೋಡಿದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. "ಹಳೇ ಗೊಂಬೆಗಳು ಪುಟ್ಟಿ. ಮುರಿದುಹೋಗಿವೆ, ಮುಟ್ಟಬೇಡ," ಎಂದಳು.

ಹೇಳಲೇಬೇಕಾಯಿತು. ಮಗುವಿನ ಪಕ್ಕ ಕುಳಿತು ಪೊರೆ ಬಿಡುವುದನ್ನೂ ಅಂಗಾಲಿನ ಕಿವಿಯನ್ನೂ ಹೇಳಿದೆ. ಮರದಿಂದ ಮಕ್ಕಳು ಬೀಳುವುದನ್ನೂ ಹೇಳಿದೆ. ಬೆನ್ನ ಹಿಂದೆ ವೈಜಯಂತಿ, "ಎಷ್ಟು ಚೆನ್ನಾಗಿ ಕತೆ ಕಟ್ತೀರಿ ಚಿಕ್ಕಮ್ಮ," ಎಂದಳು. ಅದರಲ್ಲಿ ನಟನೆ ಇರಲಿಲ್ಲ. ನಿಜವಾಗಿಯೂ ಅವಳಿಗೆ ಮೆಚ್ಚುಗೆಯಾಗಿತ್ತು.

"ಹಾಗಾದ್ರೆ ಯಾರ ಮಗು ಯಾರದು ಅಂತ ಹೇಗೆ ಗೊತ್ತಾಗುತ್ತೆ ಅಜ್ಜಿ?" ಎಂದಿತು ಮಗು.

"ಗೊತ್ತಾಗಲ್ಲ ಪುಟ್ಟಿ. ಅದೇ ಅವರ ಕೊರತೆ."

"ಪಾಪ," ಎಂದು ಚಾರು ತನ್ನ ಉಸಲಿಯಿಂದ ಒಂದು ಕಡಲೆಕಾಳು ತೆಗೆದು ಆ ಖಾಲಿ ಬೊಗಸೆಯಲ್ಲಿಟ್ಟಳು.

ಕುಂಕುಮ ಕೊಡುವ ಹಾಗಿರಲಿಲ್ಲ. ಹೂವು ಹಣ್ಣು ತಟ್ಟೆಯಲ್ಲಿಟ್ಟು ಮುಂದೆ ಸರಿಸಿದೆ. ಅವಳು ಕಾಲಿಗೆ ನಮಸ್ಕರಿಸಿ, ಮತ್ತೆ ಬರುತ್ತೇನೆಂದು ಹೇಳಿ ಹೊರಟಳು. ಅವರು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದೆ.

ವಿಜಯದಶಮಿಯ ಸಂಜೆ ಗೊಂಬೆಗಳನ್ನು ಮಲಗಿಸುವುದು ಪದ್ಧತಿ. ಕಿವಿಯಿಲ್ಲದ ಪೋಲೀಸನನ್ನು, ಕಣ್ಣಿಲ್ಲದ ಅಜ್ಜಿಯನ್ನು, ಉಳಿದ ಪೊರೆಯವರನ್ನೆಲ್ಲ ಒಬ್ಬೊಬ್ಬರಾಗಿ ಮಲಗಿಸಿದೆ. ಹಣ್ಣಿನವಳೊಬ್ಬಳನ್ನು ಮಾತ್ರ ಮಲಗಿಸಲಿಲ್ಲ. ಮಲಗಿಸಿದರೆ ಕಾಳು ಬಿದ್ದುಹೋಗುತ್ತದೆ.