ಎತ್ತಿ ನೋಡಬೇಡಿ, ಒತ್ತಿ ಹಿಡಿಯಿರಿ

ನಮ್ಮ ನೇಕಾರರ ಬೀದಿಯಲ್ಲಿ ಯಾರಿಗಾದರೂ ಕೈ ಕೊಯ್ದರೆ ಎಲ್ಲರಿಗಿಂತ ಮೊದಲು ಕಾಫಿಪುಡಿ ಓಡಿಬರುತ್ತದೆ. ಅದರ ಹಿಂದೆಯೇ ನೂಲಿನ ಉಂಡೆ. ಪುಡಿ ಮೆತ್ತಿ, ನೂಲು ಬಿಗಿದು, ಗಳಿಗೆಗೊಮ್ಮೆ ಬಿಚ್ಚಿ “ನಿಂತಿತಾ?” ಎಂದು ನೋಡುವುದೇ ನಮ್ಮ ವೈದ್ಯ. ತಮಿಳುನಾಡಿನ ನಮ್ಮ ಕಿಣತ್ತುಕಡವಿನ ಸುತ್ತಮುತ್ತ ಇಂಥ ಬೀದಿಗಳು ಇನ್ನೂ ಇವೆ. ಅಲ್ಲಿಯೂ ಇದೇ ಕಥೆಯೆಂದು ನನ್ನ ಅನುಮಾನ.

ಹೀಗಿರುವಾಗ ನಮ್ಮ ಬೀದಿಯ ಜಾನಕಿಯಮ್ಮನವರ ಸೊಸೆ ಕಾರ್ತಿಕಾ ಪ್ರಥಮ ಚಿಕಿತ್ಸೆಯ ತರಬೇತಿಗೆ ಸೇರಿದಳು. ಭಾನುವಾರ ಭಾನುವಾರ ನಮ್ಮ ಸಮುದಾಯ ಭವನದಲ್ಲಿ ಪಾಠ. ಹೇಳಿಕೊಡುವವರು ನರ್ಸ್ ಲೀಲಮ್ಮ, ಕೆಲಸಕ್ಕೆಂದು ದಾವಣಗೆರೆಯಿಂದ ಕೊಯಮತ್ತೂರಿಗೆ ಬಂದವರು. ಆಂಬುಲೆನ್ಸ್ ಬರುವ ತನಕ ಪ್ರಾಣ ಉಳಿಸಿಡಬಲ್ಲವರು ಪ್ರತಿ ಬೀದಿಯಲ್ಲೂ ಇರಬೇಕೆಂಬುದು ಅವರ ಹಟ.

ಸೊಸೆ ಅದೇನು ಕಲಿಯುತ್ತಾಳೋ ನೋಡೋಣವೆಂದು ಜಾನಕಿಯಮ್ಮನೂ ಒಂದು ಭಾನುವಾರ ಹೋಗಿ ಕುಳಿತರು.

“ರಕ್ತ ಜೋರಾಗಿ ಸುರೀತಿದ್ರೆ ಶುಭ್ರವಾದ ಬಟ್ಟೆ ಮಡಚಿ ಗಾಯದ ಮೇಲಿಡಿ. ಎರಡೂ ಅಂಗೈಯಿಂದ ಬಲವಾಗಿ ಒತ್ತಿ,” ಎಂದರು ಲೀಲಮ್ಮ. “ಬಟ್ಟೆ ನೆನೆದ್ರೆ ಅದರ ಮೇಲೇ ಇನ್ನೊಂದು ಇಟ್ಟು ಇನ್ನೂ ಗಟ್ಟಿಯಾಗಿ ಒತ್ತಿ. ಎತ್ತಿ ಮಾತ್ರ ನೋಡ್ಬೇಡಿ.”

“ನೋಡ್ದೆ ಹೆಂಗ್ ಮಾ ಗೊತ್ತಾಗೋದು?” ಜಾನಕಿಯಮ್ಮ ಸುಮ್ಮನಿರಲಿಲ್ಲ. “ಎಳೆ ಕಡಿದ್ರೆ ಮಗ್ಗ ನಿಲ್ಲಿಸಿ ನೋಡ್ತೀವಿ. ನೋಡ್ದೆ ಗಂಟು ಹಾಕಕ್ಕಾಗುತ್ತಾ?”

“ಎಳೆಗೆ ನೀವು ಗಂಟು ಹಾಕ್ತೀರಿ ಅಮ್ಮ. ರಕ್ತ ತಾನೇ ಹೆಪ್ಪುಗಟ್ಟಿ ಗಾಯದ ಬಾಯಿ ಮುಚ್ಚುತ್ತೆ. ಅದಕ್ಕೆ ಸಮಯ ಬೇಕು. ಬಟ್ಟೆ ಎತ್ತಿದ್ರೆ ಆ ಹೆಪ್ಪು ಕಿತ್ತು ಬರುತ್ತೆ.”

ಜಾನಕಿಯಮ್ಮ ಮೂಗು ಮುರಿದರು. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಗೊಣಗಾಟ. “ನಮ್ಮ ಅಪ್ಪನ ಕಾಲದಿಂದ ಕಾಪಿಪುಡಿ ಹಾಕ್ತಿದ್ದೀವಿ. ಯಾರು ಸತ್ತೋದ್ರು?”

ಆಡಿ ತಿಂಗಳು, ಅಂದರೆ ಆಷಾಢ, ಬಂತು. ಆಡಿ ಗಾಳಿ ಎಂದರೆ ನಮ್ಮ ಕಡೆ ಕೇಳಬೇಕೇ? ಮಗ್ಗದ ಕೊಟ್ಟಿಗೆಯ ಸೂರಿನಲ್ಲಿ ಒಂದು ತಗಡು ಸಡಿಲವಾಗಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಜಾನಕಿಯಮ್ಮನ ಮಗ, ಕಾರ್ತಿಕಾಳ ಗಂಡ ಭೂಪತಿ ಸ್ಟೂಲು ಹತ್ತಿ ಅದನ್ನು ಒತ್ತಿ ಹಿಡಿದ. ಅಷ್ಟರಲ್ಲಿ ಗಾಳಿ ರಪ್ಪನೆ ಬೀಸಿ ತಗಡನ್ನು ಎಳೆಯಿತು. ಅದರ ಅಂಚು ಅವನ ಮುಂಗೈಯ ಒಳಭಾಗವನ್ನು ಸೀಳಿಬಿಟ್ಟಿತು.

ರಕ್ತ ಚಿಲ್ಲಚಿಲ್ಲನೆ ಚಿಮ್ಮಿತು. ಕಾರ್ತಿಕಾ ಓಡಿಬಂದಳು. ಪಾಠದಲ್ಲಿ ದಿಂಬಿಗೆ ಬಟ್ಟೆ ಒತ್ತಿ ಕಲಿತಿದ್ದಳು. ಇಲ್ಲಿರುವುದು ಗಂಡನ ಕೈ! ಆದರೂ ಅವಳ ಕೈ ಕೆಲಸ ಶುರುಮಾಡಿತು. ಅವನನ್ನು ಸ್ಟೂಲಿನಿಂದ ಇಳಿಸಿ ನೆಲದ ಮೇಲೆ ಮಲಗಿಸಿದಳು. ಗಾಯದಲ್ಲಿ ತಗಡಿನ ಚೂರು ನಾಟಿಕೊಂಡಿಲ್ಲವೆಂದು ನೋಡಿದಳು. ಸೀರೆ ಮಡಚಿಡುವ ಹೊಸ ಪ್ಲಾಸ್ಟಿಕ್ ಕವರುಗಳನ್ನು ಕೈಗವಸಿನಂತೆ ಎರಡೂ ಕೈಗೆ ತೊಟ್ಟು, ಒಗೆದಿಟ್ಟ ಟವೆಲ್ ಮಡಚಿ ಗಾಯದ ಮೇಲಿಟ್ಟು ಒತ್ತಿದಳು.

ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಕಾರ್ತಿಕಾ ಎಲ್ಲರಿಗೂ ಕೂಗಲಿಲ್ಲ, ಪಕ್ಕದ ಮನೆಯವನನ್ನೇ ಹೆಸರು ಹಿಡಿದು ಕರೆದಳು. “ಲೋಗನಾಥಣ್ಣಾ, ನೀವೇ ನೂರೆಂಟಕ್ಕೆ ಫೋನ್ ಮಾಡಿ!”

“ಅದು ಬರೋ ತನಕ ಯಾರ್ ಮಾ ಕಾಯೋದು? ಬೈಕಲ್ಲಿ ನಡುವೆ ಕೂರಿಸ್ಕೊಂಡು ಪೊಳ್ಳಾಚಿ ಆಸ್ಪತ್ರೆಗೆ ಹೋಗ್ಬಿಡೋಣ.”

“ಮಯಕ್ಕ ಬಂದು, ಕಣ್ಣು ಕತ್ತಲಾಗಿ ದಾರೀಲಿ ಬಿದ್ರೆ? ಬೈಕ್ ಮೇಲೆ ಇದನ್ನ ಒತ್ತೋರು ಯಾರು? ಫೋನ್ ಮಾಡಿ ಅಣ್ಣಾ!”

ಲೋಗನಾಥನ್ ಫೋನ್ ಹಚ್ಚಿದ. ಅಷ್ಟರಲ್ಲಿ ಜಾನಕಿಯಮ್ಮ ಒಂದು ಕೈಯಲ್ಲಿ ಕಾಫಿಪುಡಿ ಡಬ್ಬ, ಇನ್ನೊಂದರಲ್ಲಿ ನೂಲು ಹಿಡಿದು ಬಂದರು.

“ಬೇಡ ಅತ್ತೆ! ಪುಡಿ ಹಾಕಿದ್ರೆ ಗಾಯ ಕೊಳೆಯುತ್ತೆ. ನೂಲು ಬಿಗಿದ್ರೆ ಚರ್ಮ ಕೊಯ್ಯುತ್ತೆ.”

ಸೊಸೆ ಅಷ್ಟು ಜೋರಾಗಿ ಮಾತಾಡಿದ್ದನ್ನು ಜಾನಕಿಯಮ್ಮ ಯಾವತ್ತೂ ಕೇಳಿರಲಿಲ್ಲ. ಇದ್ದಲ್ಲಿಯೇ ನಿಂತುಬಿಟ್ಟರು. ಟವೆಲ್ ನೆನೆಯಿತು. ಅದರ ಮೇಲೆ ಕಾರ್ತಿಕಾ ಇನ್ನೊಂದು ಇಟ್ಟಳು. ಆಂಬುಲೆನ್ಸಿನವರು ಏನೋ ಕೇಳಿದರೆಂದು ಲೋಗನಾಥನ್ ಅವಳ ಕಿವಿಗೆ ಫೋನ್ ಹಿಡಿದ. ಉತ್ತರ ಹೇಳಲು ತಿರುಗಿದಾಗ ಅವಳ ಹಿಡಿತ ಒಂದಿಷ್ಟು ಸಡಿಲವಾಯಿತು. ಹೆತ್ತ ಕರುಳು, ತಡೆಯಲಿಲ್ಲ. ನಿಂತಿತಾ ನೋಡೋಣವೆಂದು ಜಾನಕಿಯಮ್ಮ ಬಟ್ಟೆಯ ಅಂಚನ್ನು ಎತ್ತಿಯೇಬಿಟ್ಟರು.

ರಕ್ತ ಅವರ ಸೀರೆಗೆ ಹಾರಿತು. ಭೂಪತಿಯ ತುಟಿ ಬಿಳಿಚಿ, ಹಣೆ ತಣ್ಣಗೆ ಬೆವೆತಿತು.

“ಅಮ್ಮಾ, ಚಳಿಯಾಗ್ತಾ ಇದೆ,” ಎಂದ ಅವನು.

ಕಾರ್ತಿಕಾ ಫೋನಿನಿಂದ ಮುಖ ತಿರುಗಿಸಿ ಮೂರನೆಯ ಬಟ್ಟೆ ಹಾಕಿ ಮೈಭಾರವೆಲ್ಲ ಬಿಟ್ಟು ಒತ್ತಿದಳು. ಅವಳ ಕೈ ಸೋಲುತ್ತಿತ್ತು. “ಅತ್ತೆ, ಕವರ್ ಹಾಕ್ಕೊಂಡು ನನ್ನ ಕೈ ಮೇಲೆ ನಿಮ್ಮ ಕೈ ಇಡಿ. ನಾನು ಮೆಲ್ಲಗೆ ನನ್ನ ಕೈ ತೆಗೀತೀನಿ. ಒಂದು ಗಳಿಗೆಯೂ ಬಿಡ್ಬೇಡಿ.”

“ಬಿಡಲ್ಲ ನನ್ನ ಕಣ್ಣು, ಬಿಡಲ್ಲ ಮಗಳೇ!”

ಮಗ್ಗದಲ್ಲಿ ಸವೆದ ಆ ಕೈಗಳು ಒತ್ತಿದವು ನೋಡಿ! ಹೊಸ ಬಟ್ಟೆ ನೆನೆಯದೆ ಒಣಗಿಯೇ ಉಳಿಯಿತು. ಕಾರ್ತಿಕಾ ಗಂಡನಿಗೆ ಬೆಡ್‌ಶೀಟ್ ಹೊದಿಸಿ, ಅವನೊಡನೆ ಮಾತಾಡುತ್ತಲೇ ಇದ್ದಳು. ಯಾರೋ ಸೋಡಾ ತಂದರು. “ಬಾಯಿಗೆ ಏನೂ ಬೇಡ,” ಎಂದು ಹಿಂದಕ್ಕೆ ಕಳಿಸಿದಳು.

ಕೊನೆಗೆ ಸೈರನ್ ಕೇಳಿಸಿತು. ಲೋಗನಾಥನ್ ಮೇನ್ ರೋಡಿಗೆ ಓಡಿ ಆಂಬುಲೆನ್ಸನ್ನು ಕರೆತಂದ. ಇಳಿದುಬಂದ ಹುಡುಗ ಒಂದು ನೋಟ ನೋಡಿ, “ಎಡುಕ್ಕಾದೀಂಗ ಅಮ್ಮಾ, ಅಪ್ಪಡಿಯೇ ಇರುಕ್ಕಟ್ಟುಂ,” ಎಂದ. ತೆಗೆಯಬೇಡಿ, ಹಾಗೇ ಇರಲಿ ಎಂದು! ಅದೇ ಬಟ್ಟೆಗಳ ಮೇಲೆಯೇ ಬಿಗಿಯಾಗಿ ಬ್ಯಾಂಡೇಜ್ ಸುತ್ತಿದ.

ಆಸ್ಪತ್ರೆಯಲ್ಲಿ ಕಡಿದ ರಕ್ತನಾಳ ಹೊಲಿದು ಹೊರಬಂದ ಡಾಕ್ಟರ್, “ಬೆರಳೆಲ್ಲ ಆಡುತ್ತಿವೆ. ಇಲ್ಲಿಗೆ ಬರುವ ತನಕ ರಕ್ತ ತಡೆದವರು ಯಾರು?” ಎಂದು ಕೇಳಿದರು. ಕಾರ್ತಿಕಾ ಅತ್ತೆಯನ್ನು ತೋರಿಸಿದಳು. ಜಾನಕಿಯಮ್ಮ ಸೊಸೆಯನ್ನು ತೋರಿಸಿದರು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಸುದ್ದಿ ಬೀದಿಗೆ ಮುಟ್ಟಿದಾಗ ನಮಗಾದ ಸಂತೋಷ ಹೇಳತೀರದು.

ಮುಂದಿನ ಭಾನುವಾರ ಸಮುದಾಯ ಭವನದಲ್ಲಿ ಕೂರಲು ಜಾಗವಿರಲಿಲ್ಲ. ಮೊದಲ ಸಾಲಿನಲ್ಲಿ ಜಾನಕಿಯಮ್ಮ. ಪಕ್ಕದಲ್ಲಿ ಕೈಯನ್ನು ಜೋಲಿಗೆ ಹಾಕಿಕೊಂಡ ಭೂಪತಿ, ಹೊಸಬರು ಒತ್ತಿ ಕಲಿಯಲೆಂದು ಇನ್ನೊಂದು ಕೈ ಚಾಚಿ ಕುಳಿತಿದ್ದ.

ಇದನ್ನು ಓದುವ ಅಕ್ಕಂದಿರೇ, ಓದಿಸಿ ಕೇಳುವ ಅಣ್ಣಂದಿರೇ, ಈ ವಾರವೇ ನಿಮ್ಮ ಮನೆಯಿಂದ ಒಬ್ಬರನ್ನು ತರಬೇತಿಗೆ ಕಳಿಸಿ. ರಕ್ತ ಸುರಿಯುವುದನ್ನು ಕಂಡರೆ ಒಬ್ಬರ ಹೆಸರು ಹಿಡಿದು 108ಕ್ಕೆ ಫೋನ್ ಮಾಡಿಸಿ. ಶುಭ್ರವಾದ ಬಟ್ಟೆಯಿಟ್ಟು ಒತ್ತಿ. ಕೈ ಸೋತರೆ ಇನ್ನೊಬ್ಬರ ಕೈ ಕೇಳಿ, ನೆಂಟರೋ ನೆರೆಯವರೋ ಎಂದು ನೋಡಬೇಡಿ. ಆಂಬುಲೆನ್ಸ್ ಇನ್ನೂ ದಾರಿಯಲ್ಲಿರುತ್ತದೆ. ಗಾಯಗೊಂಡವರ ಪಕ್ಕದಲ್ಲಿ ಆ ಹೊತ್ತಿಗೆ ಇರುವವರು ನೀವು!