ನೋಡಿದೆ, ಸಹಿ

ಹದಿನೈದು ವರ್ಷದ ಹುಡುಗಿಯೊಬ್ಬಳು ನಿಮ್ಮೆದುರು ನಿಂತು, ಸುಳ್ಳಾ ಮಿಸ್, ವಾರ ವಾರ ನೀವೇ ನೋಡಿದೀರಲ್ಲ, ಎಂದು ಕೇಳಿದ್ದರೆ ನೀವಾದರೂ ಏನು ಉತ್ತರ ಕೊಡುತ್ತಿದ್ದಿರಿ, ಕಣ್ಣು ತಗ್ಗಿಸದೆ ಉತ್ತರ ಕೊಡುವ ಯೋಗ್ಯತೆ ನಿಮ್ಮಲ್ಲಿ ಎಷ್ಟು ಜನಕ್ಕಿದೆ? — ಮೆಟ್ಟಿಲ ಕಂಬಿಗೆ ಬಣ್ಣದ ಕಾಗದದ ಸರ ಸುತ್ತಿದ್ದಾರೆ, ಅಂಟು ಇನ್ನೂ ಹಸಿ, ಗಣಿತದ ಶಿಕ್ಷಕಿಯ ಅಂಗೈಗೆ ಮೆತ್ತಿಕೊಂಡಿತು, ಆಕೆ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು, ಮಕ್ಕಳಿಗೆ ಅಂಟು ಹಚ್ಚುವ ಅಳತೆಯೂ ಗೊತ್ತಿಲ್ಲ, ಯಾವುದರ ಅಳತೆ ತಾನೇ ಗೊತ್ತಿದೆ ಇವಕ್ಕೆ, ಎರಡು ಮಹಡಿಗಳ ನಡುವೆ ಮೆಟ್ಟಿಲು ತಿರುಗುವಲ್ಲಿ ನಿಂತಿದ್ದಾಳೆ, ಕೈಯಲ್ಲಿ ಉಕ್ಕಿನ ಅಳತೆಪಟ್ಟಿ, ಕಂಕುಳಲ್ಲಿ ಆ ಹುಡುಗಿಯ ದಿನಚರಿ ಪುಸ್ತಕ, ಮೇಲಿನ ಸಭಾಂಗಣದಲ್ಲಿ ಯಾರೋ ಮೈಕಿಗೆ ಬೆರಳು ಬಡಿಯುತ್ತಿದ್ದಾರೆ, ಹಲೋ ಹಲೋ ಒನ್ ಟೂ ತ್ರೀ, ಹನ್ನೊಂದಕ್ಕೆ ಹತ್ತನೇ ತರಗತಿಯವರ ಯೋಜನೆಗಳ ಪ್ರದರ್ಶನ, ಒಂಬತ್ತು ತಿಂಗಳ ದುಡಿಮೆ, ಈಗ ಹತ್ತೂವರೆ, ಒಂದು ಸುಳ್ಳನ್ನು ಅಳೆದು ಬಯಲಿಗೆ ತರಲು ಅರ್ಧ ಗಂಟೆ ಧಾರಾಳವಾಯಿತು. ಸುಳ್ಳಲ್ಲದೆ ಮತ್ತೇನು, ‘ನಮ್ಮ ಶಾಲೆಯ ಒಂದು ಬಿರುಕು’ ಎಂಬುದೂ ಒಂದು ವಿಷಯವೇ, ಮೊದಲ ದಿನವೇ ಇಡೀ ತರಗತಿ ಗೊಳ್ಳೆಂದು ನಕ್ಕಿತ್ತು, ಅಂದಿನಿಂದ ಹುಡುಗಿಗೆ ಬಿರುಕಮ್ಮ ಎಂದೇ ಹೆಸರು, ಶಿಕ್ಷಕಿಯೂ ನಕ್ಕಿದ್ದಳು, ಆದರೂ ಒಪ್ಪಿದ್ದಳು, ವಿಷಯ ನಿಮ್ಮದು, ಬೆವರು ನಿಮ್ಮದು, ನಾನು ಬೆರಳು ಹಿಡಿದು ನಡೆಸೋಳಲ್ಲ, ಎಂದಿದ್ದಳು, ಹಾಗೆ ಹೇಳಿದ್ದನ್ನು ಹೆಮ್ಮೆಯಿಂದ ಶಿಕ್ಷಕರ ಕೊಠಡಿಯಲ್ಲೂ ಹೇಳಿಕೊಂಡಿದ್ದಳು, ಜೀವಶಾಸ್ತ್ರದವರ ಹಾಗೆ ಮಕ್ಕಳ ಪ್ರಬಂಧವನ್ನು ತಾವೇ ಬರೆದು ಕೊಟ್ಟು ಬಹುಮಾನ ಹೊಡೆಯುವ ಜಾತಿಯಲ್ಲ ತನ್ನದು, ಸ್ವತಂತ್ರ ಅಂದರೆ ಸ್ವತಂತ್ರ. ಮತ್ತೆ ನೋಡಿದರೆ ಬಿರುಕಿನ ಅಗಲದ ಈ ನಕ್ಷೆ — ಇಪ್ಪತ್ತೈದು ವಾರ ನೆಲ ಹಿಡಿದು ತೆವಳಿದ ಗೆರೆ ಕೊನೆಯ ಆರು ವಾರದಲ್ಲಿ ಏಣಿ ಹತ್ತಿದ ಹಾಗೆ ಎದ್ದು ನಿಂತಿದೆ, ಎರಡು ಮಿಲಿಮೀಟರ್ ಇದ್ದದ್ದು ಹದಿನಾಲ್ಕಂತೆ, ಗೋಡೆ ಏನು ಹುಳಿ ಬಂದ ಹಿಟ್ಟೇ ಉಬ್ಬುವುದಕ್ಕೆ, ಅಂಕಿಗಳು ಕಲ್ಪಿತ, ನಂಬಲರ್ಹವಲ್ಲ, ಎಂದು ಮೌಲ್ಯಮಾಪನದ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಬೆಳಿಗ್ಗೆ ಎಲ್ಲರೆದುರು ಕರೆಸಿ, ನಾಚಿಕೆ ಆಗಲ್ವೇನೇ ನಿಂಗೆ, ಪ್ರದರ್ಶನದ ದಿನ ಚೆನ್ನಾಗಿ ಕಾಣ್ಲಿ ಅಂತ ಅಂಕಿ ಹುಟ್ಟಿಸಿ ಬರೀತೀಯಾ, ಎಂದಾಗಲೇ ಹುಡುಗಿ ಹಾಗೆಂದದ್ದು, ಅಳಲಿಲ್ಲ, ಎದುರಾಡಲೂ ಇಲ್ಲ, ಬೆರಗಾದವಳಂತೆ, ಸುಳ್ಳಾ ಮಿಸ್, ವಾರ ವಾರ ನೀವೇ ನೋಡಿದೀರಲ್ಲ — ನೋಡಿ ಆ ಧೈರ್ಯವನ್ನು, ಅವಳನ್ನು ಆಫೀಸಿನ ಬೆಂಚಿನ ಮೇಲೆ ಕೂರಿಸಿ ಬಂದಿದ್ದಾಳೆ, ತಪ್ಪೊಪ್ಪಿಗೆ ಬರಿ, ಬರೆದು ಮುಗಿಸೋವರೆಗೂ ಏಳಕೂಡದು, ಏಳುವುದಿಲ್ಲ ಆ ಹುಡುಗಿ, ಹೇಳಿದ ಮಾತು ಮೀರುವವಳಲ್ಲ, ಅದೊಂದು ಗುಣ ಮಾತ್ರ ಒಪ್ಪಬೇಕು.

ಗೋಡೆಯ ಮೇಲೆ ಹುಡುಗಿಯದೇ ಬರಹ, ಪೆನ್ಸಿಲಿನಲ್ಲಿ, ಬಿರುಕಿನ ಉದ್ದಕ್ಕೂ ಕಂಬಳಿಹುಳುವಿನ ಕಾಲಿನಂತೆ ಅಡ್ಡಗೆರೆಗಳು, ಪ್ರತಿ ಗೆರೆಗೂ ದಿನಾಂಕ, ಅಕ್ಷರ ಎಷ್ಟು ದುಂಡಗಿದೆ, ಇಷ್ಟು ಸಲ ಈ ಮೆಟ್ಟಿಲು ಹತ್ತಿ ಇಳಿದಿದ್ದೇನೆ, ಇದು ಯಾವಾಗ ಇಲ್ಲಿ ಬಂತು, ದಿನಕ್ಕೆ ನಾಲ್ಕು ಸಲವಾದರೂ ಓಡಾಡುತ್ತೇನೆ, ಕಂಕುಳಲ್ಲಿ ಪುಸ್ತಕ, ತಲೆಯಲ್ಲಿ ಮುಂದಿನ ಪಾಠ. ಬಿರುಕಿಗೆ ಅಡ್ಡವಾಗಿ ಒಂದು ಗಾಜಿನ ಪಟ್ಟಿ, ಬೆರಳಗಲ, ಎರಡೂ ತುದಿ ಸಿಮೆಂಟಿನಲ್ಲಿ ಹೂತಿದೆ, ಪಕ್ಕದಲ್ಲಿ ಏಳನೇ ಗಾಜು ಎಂದು ಬರೆದು ಮೊನ್ನೆಯ ತಾರೀಖು, ಗಾಜು ಇಡಿಯಾಗಿದೆ, ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಹೊಳೆಯುತ್ತಿದೆ, ಇಡಿಯಾಗಿಯೇ ಇದೆಯಲ್ಲ, ಎಲ್ಲಿ ಬಂತು ಹಾಗಾದರೆ ಏಣಿ ಹತ್ತಿದ ಗೆರೆ, ಆಕೆಗೆ ಒಂದು ಬಗೆಯ ಸಮಾಧಾನ, ಅಳತೆಪಟ್ಟಿಯನ್ನು ಬಿರುಕಿನ ಬಾಯಿಗೆ ಹಿಡಿದಳು, ಹತ್ತು, ಹನ್ನೆರಡು, ಕನ್ನಡಕ ಸರಿ ಮಾಡಿಕೊಂಡಳು, ಹದಿನಾಲ್ಕರ ಗೆರೆ ದಾಟಿ ಇನ್ನೂ ಅರ್ಧ. ಇನ್ನೊಂದು ಕಡೆ ಹಿಡಿದಳು. ಪಟ್ಟಿಯ ಮೊನೆ ಒಳಗೆ ಹೋಯಿತು, ಒಂದು ಸೆಂಟಿಮೀಟರ್, ಮೂರು, ಏಳು, ಎಲ್ಲಿಯೂ ತಡೆಯಿಲ್ಲ, ಆಕೆಯ ಕಿರುಬೆರಳೂ ಹೋಯಿತು, ಒಳಗೆ ತಣ್ಣಗಿದೆ, ಒದ್ದೆಯಾಗಿದೆ, ಬೆರಳನ್ನು ಎಳೆದುಕೊಂಡು ನೋಡಿದರೆ ಉಗುರ ಸಂದಿಯಲ್ಲಿ ಕೆಸರು, ಈ ಗೋಡೆಯ ನೆತ್ತಿಯ ಮೇಲೆಯೇ ಅಲ್ಲವೇ ನೀರಿನ ತೊಟ್ಟಿ ಇರುವುದು, ಅತಿಥಿಗಳು ಬರುತ್ತಾರೆಂದು ಬೆಳಿಗ್ಗೆಯಷ್ಟೇ ಕಂಠಮಟ್ಟ ತುಂಬಿಸಿದ್ದಾರೆ, ಒಂದೇ ಸಮನೆ ಪಂಪು ಓಡುತ್ತಿತ್ತು, ಆ ಸದ್ದಿಗೆ ಬೈದುಕೊಂಡಿದ್ದಳು. ಗಾಜು ಇಡಿಯಾಗಿದೆ, ಗಾಜು ಇಡಿಯಾಗಿದೆ, ಎಂದುಕೊಳ್ಳುತ್ತ ಆಕೆ ದಿನಚರಿ ತೆರೆದಳು, ಮೊದಲ ಪುಟದಿಂದ, ಮೊದಲ ಸಲ — ಹೌದು, ಮೊದಲ ಸಲ, ಈ ಮಾತನ್ನು ಆಕೆ ಮನಸ್ಸಿನಲ್ಲಿಯೂ ಎಂದೂ ಆಡಿಕೊಂಡಿರಲಿಲ್ಲ. ಮೂವತ್ತೆಂಟು ಮಕ್ಕಳು, ವಾರಕ್ಕೆ ಮೂವತ್ತೆಂಟು ದಿನಚರಿ, ನಿಯಮ ಅಷ್ಟೇ, ಮಾರ್ಗದರ್ಶಕರು ವಾರಕ್ಕೊಮ್ಮೆ ‘ನೋಡಿದೆ’ ಎಂದು ಬರೆದು ಸಹಿ ಹಾಕತಕ್ಕದ್ದು, ಶನಿವಾರ ಸಂಜೆ ಚಹಾ ಕುಡಿಯುತ್ತ ಪುಸ್ತಕದ ರಾಶಿ ಎಡದಿಂದ ಬಲಕ್ಕೆ ದಾಟುತ್ತಿತ್ತು, ನೋಡಿದೆ, ಸಹಿ, ನೋಡಿದೆ, ಸಹಿ, ಗಂಡ ಬಾಗಿಲಲ್ಲಿ ನಿಂತು, ಲೇ ಮೇಷ್ಟ್ರಮ್ಮ, ಇದಕ್ಕೊಂದು ಯಂತ್ರ ತಂದುಬಿಡ್ಲಾ, ನೀನು ಆರಾಮಾಗಿ ಚಹಾ ಕುಡೀಬಹುದು, ಎಂದಿದ್ದಕ್ಕೆ, ಯಂತ್ರಕ್ಕೆ ಜವಾಬ್ದಾರಿ ಅಂತ ಇರುತ್ತೇನ್ರೀ, ಎಂದು ಆಕೆಯೇ, ಈ ಬಾಯಿಂದಲೇ, ಲೇಖನಿ ಎತ್ತದೆಯೇ ಹೇಳಿದ್ದಳು.

ನಾಲ್ಕನೇ ವಾರ, ಅಪ್ಪ ಗಾರೆ ಕೆಲಸ ಮಾಡುತ್ತಾರೆ, ಬಿರುಕಿಗೆ ಅಡ್ಡ ಗಾಜು ಕಚ್ಚಿಸು, ಗೋಡೆ ಸುಮ್ಮನಿದ್ದರೆ ಗಾಜು ಸುಮ್ಮನಿರುತ್ತದೆ, ಗೋಡೆ ನಡೆದರೆ ಗಾಜು ಒಡೆಯುತ್ತದೆ ಎಂದರು, ಕಿಟಕಿಯ ಹಳೆಯ ಗಾಜನ್ನು ಅವರೇ ಕತ್ತರಿಸಿ ಕೊಟ್ಟರು. ಕೆಳಗೆ ಕೆಂಪು ಶಾಯಿ: ನೋಡಿದೆ. ಒಂಬತ್ತನೇ ವಾರ, ಗಾಜು ಒಡೆಯಿತು, ಗೋಡೆ ನಡೆಯುತ್ತಿದೆ. ನೋಡಿದೆ. ಹನ್ನೆರಡು, ಎರಡನೇ ಗಾಜೂ ಒಡೆಯಿತು, ಮಿಸ್, ದಯವಿಟ್ಟು ನೀವು ಹೆಡ್‌ಮಾಸ್ಟರಿಗೆ ಹೇಳಿ, ನಾನು ಹೇಳಿದರೆ ಬಿರುಕಮ್ಮ ಬಂದಳು ಎಂದು ಆಫೀಸಿನವರೂ ನಗುತ್ತಾರೆ. ನೋಡಿದೆ. ಆಕೆಯದೇ ಅಕ್ಷರ, ‘ನೋ’ದ ಕೊಂಬಿನ ಕೊನೆಯನ್ನು ಸ್ವಲ್ಪ ಮೇಲಕ್ಕೆ ಎಳೆಯುವ ಅದೇ ಶೋಕಿ, ಪುಟ ತಿರುಗಿಸುವ ಬೆರಳಿನಲ್ಲಿ ಕೆಸರು, ಕಾಗದದ ಅಂಚಿಗೆಲ್ಲ ಕಲೆ. ಹತ್ತೊಂಬತ್ತನೇ ವಾರ, ನೀವೇ ಬಂದು ಬಿರುಕು ನೋಡಿದ್ದೀರಿ, ಆದ್ದರಿಂದ ಹೇಳಿಯೇ ಇರುತ್ತೀರಿ, ತುಂಬ ಧನ್ಯವಾದ ಮಿಸ್, ಅಪ್ಪನಿಗೂ ಹೇಳಿದೆ, ನಿಮ್ಮ ಮಿಸ್ ನೋಡಿದ ಮೇಲೆ ಚಿಂತೆ ಇಲ್ಲ ಬಿಡು ಎಂದರು — ಆಕೆ ಅಲ್ಲಿಯೇ ನಿಂತಳು, ಆ ಸಾಲಿನ ಮೇಲೆ, ಅದನ್ನು ದಾಟಲು ಆಗಲಿಲ್ಲ. ಎಲ್ಲ ಮಕ್ಕಳಿಗೂ ‘ನೋಡಿದೆ’ ಎಂದರೆ ಪುಸ್ತಕದ ಮೇಲೆ ಕೆಂಪು ಗೀಚು, ಈ ಒಬ್ಬಳು ಮಾತ್ರ ಕನ್ನಡವನ್ನು ಕನ್ನಡವಾಗಿ ಓದಿಕೊಂಡಿದ್ದಾಳೆ, ನೋಡಿದೆ ಎಂದರೆ ನೋಡಿದೆ, ಮಿಸ್ ಮೆಟ್ಟಿಲು ಹತ್ತಿ ಬಂದು, ಬಿರುಕಿನ ಮುಂದೆ ನಿಂತು, ಎರಡು ಕಣ್ಣಿಂದ ನೋಡಿದ್ದಾರೆ ಎಂದು, ಮೂವತ್ತೊಂದು ವಾರ ಮೂವತ್ತೊಂದು ಸಲ ನೋಡಿದ್ದಾರೆ ಎಂದು ನಂಬಿ, ದೊಡ್ಡವರಿಗೆ ಗೊತ್ತಿದೆ ಎಂದು ನಂಬಿ, ಬಾಯಿ ಮುಚ್ಚಿಕೊಂಡು ಅಳೆಯುತ್ತ ಹೋಗಿದ್ದಾಳೆ. ಆ ಸಹಿ ಇಲ್ಲದಿದ್ದರೆ ಕೂಗುತ್ತಿದ್ದಳು, ಅಪ್ಪನನ್ನು ಕರೆತರುತ್ತಿದ್ದಳು, ಆ ಮನುಷ್ಯ ಒಂದು ಸಲ ಗೋಡೆಗೆ ಕಿವಿಗೊಟ್ಟು ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದ. ಸುಳ್ಳು ಬರೆದದ್ದು ಯಾರು. ಅಂಕಿ ಹುಟ್ಟಿಸಿದ್ದು ಯಾರು. ಬೆಂಚಿನ ಮೇಲೆ ಕೂತು ತಪ್ಪೊಪ್ಪಿಗೆ ಬರೆಯಬೇಕಾದ್ದು — ಆಕೆ ತಲೆಯೆತ್ತಿದರೆ ಗಾಜು, ಇಡಿಯಾಗಿದೆ, ಇನ್ನೂ ಇಡಿಯಾಗಿದೆ.

ಕೆಳಗಿನಿಂದ ಬೂಟಿನ ಸದ್ದು, ಹೆಡ್‌ಮಾಸ್ಟರು, ಎದೆಗೆ ಸ್ವಾಗತ ಸಮಿತಿಯ ಪಟ್ಟಿ, ಏನ್ ಮೇಡಂ, ಇವತ್ತೂ ಅಳತೇನಾ, ಅತಿಥಿಗಳ ಕಾರು ಗೇಟಿಗೆ ಬಂತು, ಬನ್ನಿ ಬನ್ನಿ, ಸರ್, ಗೋಡೆ, ಈ ಗೋಡೆ ನಡೀತಾ ಇದೆ ಸರ್, ಗೋಡೆ ನಡೆಯುತ್ತಾ, ಹಹ್ಹ, ನಿಮಗೂ ಬಿರುಕಮ್ಮನ ಗಾಳಿ ಬಡೀತಾ, ನಾನು ಈ ಶಾಲೆಗೆ ಸೇರಿದಾಗಿಂದ ಇದೆ ಕಣ್ರೀ ಆ ಬಿರುಕು, ಸರ್, ಬೆರಳು ಹೋಗ್ತಿದೆ ಸರ್ ಒಳಗೆ, ಬೆರಳು ಹಾಕ್ಬೇಡಿ ಮತ್ತೆ, ಆಯ್ತು, ಸಂಜೆ ನೋಡೋಣ, ನೋಡೋಣ, ಎನ್ನುತ್ತಲೇ ಇಳಿದು ಹೋದರು, ನೋಡೋಣ, ಆ ಮಾತಿಗೂ ತನ್ನ ಕೆಂಪು ಶಾಯಿಗೂ ಎಲ್ಲಿದೆ ವ್ಯತ್ಯಾಸ, ಒಂದೇ ಕ್ರಿಯಾಪದ, ಕಾಲ ಮಾತ್ರ ಬೇರೆ, ಎಷ್ಟು ವರ್ಷ ಈ ಇಲಾಖೆ ಈ ಒಂದು ಕ್ರಿಯಾಪದದ ಮೇಲೆ ನಡೆದಿದೆ, ನೋಡಲಾಗಿದೆ, ನೋಡಲಾಗುವುದು, ನೋಡೋಣ. ಗಂಟೆ. ಗಂಟೆ ಬಾರಿಸಬೇಕು, ಕೆಳಗಿನ ಜಗಲಿಯ ಕಬ್ಬಿಣದ ಗಂಟೆ, ಬಿಡದೆ ಬಾರಿಸಿದರೆ ಎಲ್ಲರೂ ಹಿಂದಿನ ಮೆಟ್ಟಿಲಿನಿಂದ ಬಯಲಿಗೆ ಓಡಬೇಕು, ವರ್ಷಕ್ಕೆರಡು ಸಲ ಅಭ್ಯಾಸ ಮಾಡಿಸುತ್ತೇವೆ, ಆಕೆ ಎರಡು ಮೆಟ್ಟಿಲು ಇಳಿದಳು, ಮೂರನೆಯದಕ್ಕೆ ಕಾಲಿಡುವಷ್ಟರಲ್ಲಿ ಎದುರಿಗೆ ಎರಡನೇ ತರಗತಿ, ಒಬ್ಬರ ಅಂಗಿ ಒಬ್ಬರು ಹಿಡಿದು ರೈಲು ಕಟ್ಟಿದ ನಲವತ್ತು ಮಕ್ಕಳು, ಚುಕುಬುಕು ಚುಕುಬುಕು, ಅಣ್ಣ ಅಕ್ಕಂದಿರ ಪ್ರದರ್ಶನ ನೋಡಲು ಹೊರಟಿದ್ದಾರೆ, ರೈಲಿನ ಬಾಲದಲ್ಲಿ ಅವರ ಚಿಕ್ಕ ಮಿಸ್ಸು.

ಆಕೆ ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತಳು, ಇಳೀರಿ, ಎಲ್ರೂ ಕೆಳಗಿಳೀರಿ, ಮೇಲೆ ಮೈಕಿನಲ್ಲಿ ಹಾಡು ಶುರುವಾಗಿದೆ, ಆಕೆಯ ಕೂಗು ಆಕೆಗೇ ಕೇಳಿಸದು, ಮಕ್ಕಳು ನಗುತ್ತಿವೆ, ಮುಂದಿನ ಪುಟಾಣಿ, ಮಿಸ್, ರೈಲಿಗೆ ಕೆಂಪು ದೀಪಾನಾ ನೀವು, ಎನ್ನುತ್ತದೆ, ಚಿಕ್ಕ ಮಿಸ್ಸು ಬಾಲದಿಂದಲೇ, ಏನಕ್ಕ ಇದು, ದಾರಿ ಬಿಡಿ, ಹಿಂದೆ ಮೂರನೇ ಕ್ಲಾಸು ನಿಂತಿದೆ, ನಾವು ಮುಂದೆ ಜಾಗ ಹಿಡೀಬೇಕು, ಇಳಿಸಮ್ಮ, ಗೋಡೆ ಬೀಳುತ್ತೆ ಇಳಿಸು, ಏನಂದ್ರಿ, ಕೇಳಿಸ್ತಿಲ್ಲ ಅಕ್ಕ, ಹಿಂದಿನವರು ತಳ್ಳುತ್ತಿದ್ದಾರೆ, ರೈಲು ಒಂದೊಂದೇ ಮೆಟ್ಟಿಲು ಮೇಲಕ್ಕೆ ಬರುತ್ತಿದೆ, ಕೈ ಚಾಚಿದರೆ ಆಕೆ ತಡೆಯಬಲ್ಲದ್ದು ನಾಲ್ಕು ಮಕ್ಕಳನ್ನು, ಜಾಗ ಬಿಟ್ಟು ಗಂಟೆಗೆ ಓಡಿದರೆ ಆ ನಲವತ್ತೂ ಈ ಗೋಡೆಯ ಕೆಳಗೆ, ಇಲ್ಲಿಯೇ ನಿಂತರೆ ಮೇಲಿರುವವರಿಗೆ ತಿಳಿಯುವುದಿಲ್ಲ, ಹೇಳಿ ಕಳಿಸೋಣವೆಂದರೆ ಹೇಳಿದ ಕೂಡಲೇ ನಂಬಿ ಓಡಬಲ್ಲವಳು ಈ ಶಾಲೆಯಲ್ಲಿ ಒಬ್ಬಳೇ, ಅವಳು ಆಫೀಸಿನ ಬೆಂಚಿನ ಮೇಲೆ ಬಿಳಿ ಹಾಳೆಯ ಮುಂದೆ ಕೂತಿದ್ದಾಳೆ, ಏಳಕೂಡದು ಎಂದು ಕೂರಿಸಿ ಬಂದದ್ದು ತಾನೇ — ಟಿಕ್, ಎಂದಿತು ಏನೋ, ಬಳೆ ಒಡೆದಷ್ಟು ಸಣ್ಣ ಸದ್ದು, ಹಾಡಿನ ನಡುವೆಯೂ ಕೇಳಿಸಿತು, ಆಕೆ ತಿರುಗಿದಳು, ಗಾಜಿನ ನಡುವೆ ಕೂದಲಿನಂಥ ಒಂದು ಗೆರೆ, ಅಷ್ಟೇ, ಬೆಳಕು ಅದರ ಮೇಲೆ ಎರಡು ತುಂಡಾಗಿ ಬಿದ್ದಿದೆ, ಕೈಗಳು ಚಾಚಿಯೇ ಇವೆ, ಒಂದು ಪುಟ್ಟ ತಲೆ ಆಕೆಯ ಹೊಟ್ಟೆಗೆ ಒತ್ತಿಕೊಂಡಿದೆ, ಗೆರೆ ಅಗಲವಾಯಿತು, ಈಗ ನಡುವೆ ಸಾಸಿವೆ ತೂರುವಷ್ಟು ಕತ್ತಲೆ, ಗಾಜು, ಏಳನೇ ಗಾಜು, ಆಕೆಯ ಕಣ್ಣು ಅಲ್ಲಿಂದ ಕೀಳಲೊಲ್ಲದು, ಗಾಜು — ಇಷ್ಟು ಹೊತ್ತು ಇದನ್ನೆಲ್ಲ ನೋಡುತ್ತ ನಿಂತಿರುವವರೇ, ನಿಮ್ಮ ಕೈ ಖಾಲಿ ಇದೆ, ಕಾಲು ಗಟ್ಟಿ ಇದೆ, ದಮ್ಮಯ್ಯ, ನೋಡಿದ್ದು ಸಾಕು, ಕೆಳಗೆ ಓಡಿ, ಜಗಲಿಯ ಗಂಟೆ ಬಾರಿಸಿ, ನಿಲ್ಲಿಸದೆ ಬಾರಿಸಿ.